ಶಿವರಾತ್ರಿಗೆ ನೋಡಿದರಾತು

ರೋಹಿಣಿ ಮಳಿ ಎರಡು ಸಲ ಹುಯ್ದು
ಮುಳಗುಂದ ನಾಕಾದ ಧೂಳು ಕುಂತ ಮ್ಯಾಲ
ಕಬ್ಬಿನ ಹಾಲು ಯಾರೂ ಕೇಳೂದಿಲ್ಲ.
ಎದುರಿನ ಚಾದಂಗಡಿ ಮುಂದ ನಿಂತು
ನಮ್ಮ ಗಾಣದ ಕಡೆ ನೋಡ್ತಾರ,
ಹೋದ ವರ್ಷದ ಕ್ಯಾಲೆಂಡರ್ ನೋಡಿದಂಗ.

ಐಸಿನ ಗೋಣಿಚೀಲ ಒಣಗಿಸಿ ಮಡಚಿದ್ವಿ.
ಗಾಣಕ್ಕ ಕಟ್ಟಿದ ಗೆಜ್ಜಿ ಬಿಚ್ಚಿ
ನಾನು ಏಳು ಎಣಿಸಿದೆ, ಫಕೀರವ್ವ ಎಂಟು.
ಅಷ್ಟಕ್ಕೂ ಜಗಳ ಆಗೂ ದಿನ ಅವು.

ಎಂಜಿನ್ನು ಆರು ಎಚ್‌ಪಿದು, ಡೀಸೆಲ್ಲು.
ಅರ್ಧ ನನ್ನ ಬೆಂಡೋಲಿ, ಅರ್ಧ ಅಕಿ ಸಂಘದ ಸಾಲ.

"ಎಣ್ಣಿ ಈಗ ಬದಲಿಸೂದು ಬ್ಯಾಡ," ಅಂದ್ಳು ಫಕೀರವ್ವ,
"ಎಂಟು ತಿಂಗಳು ಸುಮ್ನ ಕುಂತು
ಹೊಸಾ ಎಣ್ಣಿನೂ ಹಳೇದಾಗತೈತಿ.
ಶಿವರಾತ್ರಿಗೆ ನೋಡಿದರಾತು."

ನಾನೂ ಅದನ್ನ ಅಂದಿದ್ದೆ, ಬ್ಯಾರೆ ಮಾತಿಗೆ.
ಹದಿನೆಂಟು ನೂರು ರೂಪಾಯಿ ಐಸಿನ ಲೆಕ್ಕಕ್ಕ,
ಅಕಿ ತಂಗಿ ಮಗ ಗಲ್ಲಾದ ಮುಂದ ಕುಂತ
ಆ ಮೂರು ದಿನಕ್ಕ:
ಶಿವರಾತ್ರಿಗೆ ನೋಡಿದರಾತು.

ಬುಡ್ನೇಸಾಬ ಬೀಡಿ ಆರಿಸಿ ಬಂದ.
ಕಡ್ಡಿ ಎಳದು, ಎಣ್ಣಿ ಬೆರಳಿಗೆ ಹಚ್ಚಿ ತಿಕ್ಕಿ,
ಹೊಸಾ ಬೀಗರ ಮನಿ ಸಾರು ಮೂಸಿದಂಗ ಮೂಸಿದ.
"ಬರೇ ಕಾಡಿಗಿ ಅಲ್ಲವ್ವಾ. ಇದರಾಗ ಹುಳಿ ಐತಿ, ನೀರೈತಿ,
ಬ್ಯಾಸಗಿ ತುಂಬ ಸುಟ್ಟ ಡೀಸೆಲ್ಲಿನ ಹೊಗಿ ಐತಿ.
ಓಡುಮುಂದ ಏನೂ ಮಾಡೂದಿಲ್ಲ.
ಕುಂತಾಗ ತಿಂತೈತಿ.
ಬೇರಿಂಗು ತಿಂತೈತಿ, ಸಪ್ಪಳಿಲ್ಲದ.
ಹೊಸದು ಹಳೇದಾಗೂದು ಬ್ಯಾರೆ,
ಹಳೇದು ಒಳಗ ಉಳಿಯೂದು ಬ್ಯಾರೆ.
ಐದು ನಿಮಿಷ ಚಾಲೂ ಮಾಡ್ರಿ, ಬಿಸಿ ಆಗಲಿ,
ತಣ್ಣಗಿದ್ರ ರಾಡಿ ತಳಾ ಬಿಟ್ಟು ಏಳೂದಿಲ್ಲ."

ಫಕೀರವ್ವ ಹ್ಯಾಂಡಲ್ ತಿರುವಿದ್ಳು.
ಆ ರಟ್ಟಿ ಬಲ ಇಡೀ ಬೆಟಗೇರಿಯೊಳಗ ಯಾರಿಗೂ ಇಲ್ಲ.
ಗೆಜ್ಜಿ ಇಲ್ಲದ ಗಾಣ
ಯಾರದೋ ಮನಿಗೆ ಬಂದಂಗ ತಿರುಗಿತು.

ನಟ್ಟು ಬಿಚ್ಚಿದ ಕೂಡ್ಲೆ ಬಂದದ್ದು
ಎಣ್ಣಿ ಅನ್ನಬಾರದು.
ನೂರಾ ಏಳು ದಿನ ಬಂತು.
ಬಾಯಾರಿ ಇಳಿದ ಬಸ್ಸಿನ ಮಂದಿ,
ಶುಂಠಿ ಜಾಸ್ತಿ ಹಾಕ್ರಿ ಅಂದವರು,
ನಾಳೆ ಕೊಡ್ತೀನಿ ಅಂತ ಹೋಗಿ ರೂಟ್ ಬದಲಾದ ಕಂಡಕ್ಟರ್,
ಗ್ಲಾಸಿನ ಅಂಚಿಗೆ ಮುತ್ತಿದ ನೊಣ.
ಇಷ್ಟು ಸಿಹಿ ಮಾರಿದ ಮಷೀನಿನ ಹೊಟ್ಟಿಯೊಳಗ
ಇಷ್ಟು ಕರಿ.
ಡಬ್ಬಿಗೆ ಮೊದಲು ಧಾರಿ, ಆಮ್ಯಾಲ ದಾರ,
ಆಮ್ಯಾಲ ಹನಿ.

ಹನಿ ನಿಲ್ಲೂ ತನಕ ಕಾಯಬೇಕಂತ.
ಉಳಿದ ಕಬ್ಬಿನ ಕಟ್ಟಿನ ಮ್ಯಾಲ ಇಬ್ಬರೂ ಕುಂತ್ವಿ.
"ಆ ಮೂರು ದಿನದ್ದು," ಅಂದೆ.
ಅಕಿ ನನ್ನ ಮಾರಿ ನೋಡಲಿಲ್ಲ, ಡಬ್ಬಿ ನೋಡಿದ್ಳು.
"ಹುಡುಗ ತಗೊಂಡಿದ್ದ. ನನಗ ಗೊತ್ತಿತ್ತು."
ಹನಿ.
"ಎಷ್ಟು ಅಂತ ಗೊತ್ತಿಲ್ಲ."
ಹನಿ.
"ನೀ ಕೇಳಿದ್ರ ಹೇಳ್ತಿದ್ದೆ."
"ನೀ ಹೇಳಿದ್ರ ನಾ ಯಾಕ ಕೇಳ್ತಿದ್ದೆ?"
ಬುಡ್ನೇಸಾಬ ಆ ಕಡೆ ತಿರುಗಿ ಪಾನಾ ಒರಸಿದ,
ಒರಸಿದ್ದನ್ನ ಮತ್ತ ಒರಸಿದ.

ಹೊಸಾ ಎಣ್ಣಿ ಹಾಕಿ ಎರಡು ನಿಮಿಷ ಓಡಿಸಿದ್ವಿ,
ಎಲ್ಲಾ ಸಂದಿಗೂ ಮುಟ್ಟಲಿ ಅಂತ.
ಇಲಿ ಗೂಡು ಕಟ್ಟಬಾರದಂತ
ಸೈಲೆನ್ಸರ್ ಬಾಯಿಗೆ ನನ್ನ ಹಳೇ ಕುಬಸದ ಅರಿವಿ.
ಪಟ್ಟಾ ಸಡ್ಲ ಬಿಟ್ಟು
ಖಾರ ಕುಟ್ಟೂ ಗಿರಣಿ ಹಿಂದಿನ ಶೆಡ್ಡಿಗೆ ದಬ್ಬಿದ್ವಿ,
ಮೂವರೂ ಸೀನಿಕೋತ.
ಕರೇ ಎಣ್ಣಿ ಬುಡ್ನೇಸಾಬ ಒಯ್ದ,
ಬಾಗಿಲ ಚೌಕಟ್ಟಿನ ಗೆದ್ದಲಿಗೆ ಆಗತೈತಂತ.

ಲೆಕ್ಕ ಇನ್ನೂ ಪೂರಾ ಕೂಡಿಲ್ಲ.
ನೂರಾ ಎಂಬತ್ತು ರೂಪಾಯಿ ಎಲ್ಲಿ ಹೋತೋ
ಇಬ್ಬರಿಗೂ ತಿಳೀವಲ್ದು.
ತಗಡಿನ ಮ್ಯಾಲ ಮಳಿ ಸುರು ಆದಾಗ
ಗೆಜ್ಜಿ ಮತ್ತ ಎಣಿಸಿದ್ವಿ:
ಅಕಿಗೆ ಏಳು ಬಂತು, ನನಗ ಎಂಟು.